ಶರಣಮ್ಮನವರ ಖಾತೆಯ ಅವಧಿ

ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದರಲ್ಲಿ ನಾನು ಗಟ್ಟಿಗ. ಹಾಲು ಉಕ್ಕಿದರೆ ಒಲೆಯ ತಪ್ಪು, ಲಿಂಗಂಪಲ್ಲಿಯಲ್ಲಿ ರೈಲು ತಪ್ಪಿದರೆ ಗಡಿಯಾರದ ತಪ್ಪು. ಸನತ್‌ನಗರದ ಔಷಧಿ ಕಾರ್ಖಾನೆಯಲ್ಲಿ ಡೇಟಾಬೇಸ್ ನೋಡಿಕೊಳ್ಳುವವನಿಗೆ ಈ ಗುಣ ಬಹಳ ಅನುಕೂಲ. ಕಂಪ್ಯೂಟರು ಎದುರು ಮಾತಾಡುವುದಿಲ್ಲ. ಆದರೆ ಒಮ್ಮೆ ತಪ್ಪು ನಿಜಕ್ಕೂ ಅದರದೇ ಆಗಿತ್ತು.

ನಮ್ಮ ಸ್ಟೋರು ನೋಡಿಕೊಳ್ಳುವ ಶರಣಮ್ಮ ಕಲಬುರಗಿ ಕಡೆಯವರು, ಆರು ವರ್ಷದಿಂದ ಗುತ್ತಿಗೆಯ ಕೆಲಸ. ಪಾಸ್‌ವರ್ಡ್ ಮರೆತೆ ಎಂದರು, ಬದಲಿಸಿಕೊಟ್ಟೆ. ಕಂಪ್ಯೂಟರಿನಲ್ಲಿ ಒಬ್ಬರ ಖಾತೆ ಯಾವತ್ತಿನವರೆಗೆ ನಡೆಯುತ್ತದೆ ಎಂಬ ಜಾಗ ಖಾಲಿಯಿದ್ದರೆ ಅದು ಸದಾಕಾಲ ಎಂದರ್ಥ. ನಮ್ಮ ಹೊಸ ಸಾಫ್ಟ್‌ವೇರಿಗೆ ಖಾಲಿ ಜಾಗ ಕಂಡರೆ ಆಗುತ್ತಿರಲಿಲ್ಲ. ಏನನ್ನು ತಿದ್ದಿ ಉಳಿಸಿದರೂ ಅಲ್ಲಿ ಅಂದಿನ ತಾರೀಕನ್ನು ತಾನೇ ತುಂಬಿಬಿಡುತ್ತಿತ್ತು. ನಾನು ನೋಡಲಿಲ್ಲ. ಮರುದಿನ ಬೆಳಿಗ್ಗೆ ಶರಣಮ್ಮನವರ ಪರದೆಯ ಮೇಲೆ 'ಅವಧಿ ಮುಗಿದಿದೆ' ಎಂದು ಬಂತು. ನಮ್ಮಲ್ಲಿ ಗುತ್ತಿಗೆಯವರಿಗೆ ಕೆಲಸ ಹೋದದ್ದು ಪತ್ರದಿಂದ ತಿಳಿಯುವುದಿಲ್ಲ. ಒಂದು ದಿನ ಗೇಟಿನ ಪಾಸು ನಡೆಯುವುದಿಲ್ಲ, ಅಷ್ಟೆ. ಹಾಗಾಗಿ ಕೆಲಸ ಹೋಯಿತೆಂದೇ ತಿಳಿದ ಅವರು ಅಳಲೂ ಇಲ್ಲ, ಕೇಳಲೂ ಇಲ್ಲ. ಊಟದ ಡಬ್ಬಿ, ಛತ್ರಿ ಎತ್ತಿಕೊಂಡು ಸೀದಾ ಮ್ಯಾನೇಜರ ಕೋಣೆಗೆ ನುಗ್ಗಿದರು.

"ನಾಕು ಬ್ಯಾಸಿಗಿ ಆತು, ಸ್ಟೋರಿನ ಫ್ಯಾನ್ ತಿರುಗಿಲ್ಲ. ಹೆಣ್ಮಕ್ಕಳ ಸಂಡಾಸಿನ ಬಾಗಲಕ್ಕ ಚಿಲಕ ಇಲ್ಲ. ನಿಮ್ಮೊಬ್ಬರಿಗೆ ಎರಡು ಎ.ಸಿ. ಬೇಕೇನ್ರಿ?"

ಆಫೀಸಿನಲ್ಲಿ ತೆಲುಗನ್ನೇ ಆಡುವ ನಮ್ಮ ಮ್ಯಾನೇಜರು ಮೂಲತಃ ಬೀದರಿನವರು. ಅರ್ಥವಾಗಲಿಲ್ಲ ಎಂದು ನಟಿಸುವ ಹಾಗೂ ಇರಲಿಲ್ಲ. ಹೊರಗೆ ಕೇಳಿಸಿಕೊಂಡ ನಾನು, ಪಾಸ್‌ವರ್ಡ್ ಬದಲಿಸಿದ್ದು ನೆನಪಾಗಿ, ಅವರ ಖಾತೆ ತೆಗೆದು ತಾರೀಕು ನೋಡಿದೆ; ಅವಧಿ ಹಿಂದಿನ ದಿನಕ್ಕೇ ಮುಗಿದಿತ್ತು. ಹೋಗದ ಕೆಲಸ ಈ ಮಾತುಗಳಿಂದ ನಿಜವಾಗಿಯೂ ಹೋಗುವುದರಲ್ಲಿತ್ತು.

ಒಳಗೆ ಓಡಿದೆ. "ಸರ್, ಇವರನ್ನು ಯಾರೂ ತೆಗೆದಿಲ್ಲ. ಸಾಫ್ಟ್‌ವೇರಿನ ತಪ್ಪು."

"ಬಟನ್ ಒತ್ತಿದವರು ಯಾರ್ರಿ?"

"ನಾನೇ."

ಕೆಲಸ ಹೋಗಿರಲೇ ಇಲ್ಲ ಎಂದು ತಿಳಿದ ಶರಣಮ್ಮನವರ ಮುಖ ಸುಣ್ಣವಾಯಿತು. ನನಗೆ ನಾಚಿಕೆಯಾಯಿತು. ಮ್ಯಾನೇಜರು, "ಹೋಗಿ ಕೆಲಸ ಮಾಡ್ರಿ ಶರಣಮ್ಮ. ಚಿಲಕ ಇವತ್ತ ಹಾಕಸ್ತೀನಿ" ಎಂದರು. ಚಿಲಕ ಬಂತು. ಫ್ಯಾನು ಇನ್ನೂ ಬರುತ್ತಲೇ ಇದೆ.

ಆ ಸಾಫ್ಟ್‌ವೇರನ್ನು ಬಿಟ್ಟು ನೇರ ಡೇಟಾಬೇಸಿನಲ್ಲೇ ತಾರೀಕು ಅಳಿಸಿಕೊಟ್ಟೆ. ಶರಣಮ್ಮ ಸುತ್ತ ನೋಡಿ ಮೆಲ್ಲಗೆ ಕೇಳಿದರು: "ಸರ, ಇನ್ನೊಮ್ಮಿ ಹಿಂಗ ಅವಧಿ ಮುಗಸಾಕ ಬರ್ತೈತೇನ್ರಿ? ಎರಡು ಮಾತು ಉಳದಾವ."

"ಮ್ಯಾನೇಜರಿಗಾ?"

"ಅಲ್ರಿ, ನಿಮಗ."

ಸಾಫ್ಟ್‌ವೇರ್ ಈಗ ಸರಿಹೋಗಿದೆಯಂತೆ. ಆದರೂ ಅವರ ಖಾತೆಯನ್ನು ನಾನು ಮುಟ್ಟಲು ಹೋಗಿಲ್ಲ.