ಮೊಟ್ಟೆಬಟ್ಟಲಿಗೆ ಬೆಲೆ ಕಟ್ಟಿದ್ದು

ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ಸತ್ಯ ಹೇಳಬಾರದು. ಮರ್ವಿನ್ ಟ್ಯಾಪ್ಸೆಲ್ ಇದನ್ನು ಕಲಿತದ್ದು ಅರವತ್ತು ದಾಟಿದ ಮೇಲೆ, ಒಂದು ಮಂಗಳವಾರ ಬೆಳಿಗ್ಗೆ, ಬೆನ್ನ ಹಿಂದೆ ಅರ್ಧ ಊರು ನಿಂತಿದ್ದಾಗ.

ಇಂಗ್ಲೆಂಡಿನ ಕೆಂಟ್ ಕರಾವಳಿಯ ವಿನ್‌ಸ್ಟೆಡ್‌ನಲ್ಲಿ ಅಂಚೆ ಕಚೇರಿ ಎಂದರೆ ದಿನಸಿ ಅಂಗಡಿಯ ಹಿಂಭಾಗದ ಒಂದು ಗಾಜಿನ ಕಿಂಡಿ. ಕಿಂಡಿಯ ಆಚೆ ಮಿಸೆಸ್ ಪನೇಸರ್. ಈಚೆ, ಎದೆಗೊಂದು ಪುಟ್ಟ ಪೊಟ್ಟಣ ಅವಚಿಕೊಂಡ ಮರ್ವಿನ್.

"ಫ್ರಾನ್ಸಿಗಾ? ಒಳಗೇನಿದೆ ಮಿಸ್ಟರ್ ಟ್ಯಾಪ್ಸೆಲ್?"

"ಮೊಟ್ಟೆಬಟ್ಟಲು."

"ಮೊಟ್ಟೆ ಇದ್ಯಾ?"

"ಇಲ್ಲ, ಖಾಲಿ."

"ಬೆಲೆ?"

"ಬೆಲೆ ಅಂತ ಏನಿಲ್ಲ. ಸ್ನೇಹಿತರಿಗೆ ಕಳಿಸ್ತಿರೋದು."

"ಹಾಗಾದ್ರೆ ಉಡುಗೊರೆ ಅಂತ ಹಾಕ್ತೀನಿ."

"ಉಡುಗೊರೆ ಹೆಂಗಾಗತ್ತೆ? ಅವರೂ ನನಗೊಂದು ಕಳಿಸಿದಾರಲ್ಲ."

"ಸರಿ, ಮಾರಾಟ."

"ಛೆ ಛೆ! ದುಡ್ಡಿನ ಮಾತೇ ಇಲ್ಲ ನಮ್ಮಿಬ್ಬರ ಮಧ್ಯೆ."

ಮಿಸೆಸ್ ಪನೇಸರ್ ಕನ್ನಡಕ ಮೇಲೆ ಸರಿಸಿ ನೋಡಿದರು. "ಉಡುಗೊರೆ ಅಲ್ಲ, ಮಾರಾಟ ಅಲ್ಲ. ಮೊದಲಾಗಿದ್ರೆ ಸ್ಟಾಂಪ್ ಅಂಟಿಸಿ ಚೀಲಕ್ಕೆ ಎಸೀತಿದ್ದೆ. ಈಗ ಕಂಪ್ಯೂಟರ್ ಸೊನ್ನೆ ತಗೊಳಲ್ಲ. ಏನೋ ಒಂದು ಸಂಖ್ಯೆ ಹೇಳ್ಬಿಡಿ."

"ಹೇಳ್ಬಿಡು ಮಾರಾಯ," ಎಂದಿತು ಸಾಲಿನ ಹಿಂದಿನ ಒಂದು ಗಡಸು ಗಂಟಲು. "ನಾನು ಬರ್ತ್‌ಡೇ ಕಾರ್ಡ್ ಕಳಿಸೋಕೆ ಬಂದಿದ್ದು. ಹುಡುಗನಿಗೆ ಮದುವೆಯೇ ಆಗ್ಹೋಗತ್ತೆ ಇಲ್ಲಿ."

ಮರ್ವಿನ್ನನ ಕಿವಿ ಕೆಂಪಾಯಿತು. ಕಿವಿ ಕೆಂಪಾದಾಗ ಅವನ ನಾಲಿಗೆ ಅವನ ಮಾತು ಕೇಳುವುದಿಲ್ಲ.

"ಅಯ್ಯೋ, ಐದು ಪೌಂಡೂ ಬಾಳಲ್ಲ ಕಣ್ರೀ ಅದು! ಕಾಲು ಮುರಿದಿತ್ತು, ಅಂಟು ಹಾಕಿದೀನಿ. ಬಿರುಕು ಕಾಣಬಾರದು ಅಂತ ನನ್ನ ಹೆಂಡತಿಯ ಉಗುರುಬಣ್ಣ ಬಳಿದಿದೀನಿ. ಆ ಫ್ರೆಂಚಿನವನಿಗೆ ಏನು ಗೊತ್ತಾಗತ್ತೆ!"

ಅಂಗಡಿಯ ಫ್ರಿಜ್ಜು ಕೂಡ ಗುಂಯ್‌ಗುಡುವುದನ್ನು ನಿಲ್ಲಿಸಿದಂತಿತ್ತು. ಮರ್ವಿನ್ ಮೆಲ್ಲಗೆ ತಿರುಗಿ ನೋಡಿದ. ಅವನ ಬೆನ್ನಿಗೇ ನಿಂತಿದ್ದವರು ರೋಸಮಂಡ್ ಪಿಲ್‌ಬೀಮ್, ವಿನ್‌ಸ್ಟೆಡ್ ಮತ್ತು ಫ್ರಾನ್ಸಿನ ಬೆರ್ನವಾಲ್ ಎಂಬ ಜೋಡಿ ಊರುಗಳ ಸ್ನೇಹ ಸಮಿತಿಯ ಕಾರ್ಯದರ್ಶಿ.

"ಮುಂದುವರಿಸಿ ಮರ್ವಿನ್," ಎಂದರು ಆಕೆ. "ಸ್ನೇಹದ ವಿಷಯ ಹೇಳ್ತಿದ್ರಿ."

ಮರ್ವಿನ್ ಕಿಂಡಿಯತ್ತ ತಿರುಗಿ, ಗಂಟಲು ಸರಿಮಾಡಿಕೊಂಡು, ಇಡೀ ಅಂಗಡಿಗೆ ಕೇಳುವಂತೆ ಸಾರಿದ: "ನೂರಿಪ್ಪತ್ತು ಪೌಂಡ್ ಅಂತ ಬರೀರಿ. ಸಂಗ್ರಾಹಕರ ಅಮೂಲ್ಯ ವಸ್ತು ಅಂತಲೂ ಸೇರಿಸಿ."

ಮಾನ ಉಳಿಯಿತು ಎಂದುಕೊಂಡ. ಮಾನಕ್ಕೂ ಸುಂಕ ಬೀಳುತ್ತದೆಂದು ಆಗ ಅವನಿಗೆ ತಿಳಿದಿರಲಿಲ್ಲ.

ಈ ಎರಡು ಊರುಗಳಿಗೆ ಜೋಡಿ ಕಟ್ಟಿ ಬಹಳ ಕಾಲವಾಗಿತ್ತು. ಬೀಗರಂತೆ ಒಂದು ವರ್ಷ ಅವರು ಇಲ್ಲಿಗೆ, ಒಂದು ವರ್ಷ ಇವರು ಅಲ್ಲಿಗೆ. ಹಾಗೊಮ್ಮೆ ವಿನ್‌ಸ್ಟೆಡ್‌ನಲ್ಲಿ ನಡೆದ ಔತಣದಲ್ಲಿ ಮರ್ವಿನ್ನನ ಪಕ್ಕದ ಕುರ್ಚಿಗೆ ಫಿರ್ಮಿನ್ ದೆಲಾತ್ರ್ ಬಿದ್ದ. ಅವನು ಹಿಂದೆ ಹಡಗಿನಲ್ಲಿ ಅಡುಗೆಯವನಾಗಿದ್ದು ಒಂದಿಷ್ಟು ಇಂಗ್ಲಿಷ್ ಬಲ್ಲವನಾಗಿದ್ದರೂ, ಆ ರಾತ್ರಿ ಮೇಯರರ ಭಾಷಣ ಊಟಕ್ಕಿಂತ ಉದ್ದವಾದ್ದರಿಂದ ಇಬ್ಬರಿಗೂ ಬಾಯಿ ಬಿಡಲಾಗಲಿಲ್ಲ. ಫಿರ್ಮಿನ್ ಚೀಲದಿಂದ ಒಂದು ಬೆಂದ ಮೊಟ್ಟೆಯನ್ನೂ ಅದನ್ನು ನಿಲ್ಲಿಸುವ ಪುಟ್ಟ ನೀಲಿ ಬಟ್ಟಲನ್ನೂ ತೆಗೆದು ಮರ್ವಿನ್ನನ ಮುಂದಿಟ್ಟ. ಮರ್ವಿನ್ ಆ ಹೊತ್ತಿಗಾಗಲೇ ಮೊಟ್ಟೆಬಟ್ಟಲುಗಳ ಸಂಗ್ರಹಕ್ಕೆ ಜೀವ ತೇಯ್ದಿದ್ದವನು. ಬಟ್ಟಲನ್ನು ತಿರುವಿಹಾಕಿ ತಳದ ಗುರುತು ಓದಿದ. ಕಣ್ಣು ತುಂಬಿ ಬಂತು. (ಮೊಟ್ಟೆ ಉರುಳಿಕೊಂಡು ಮೇಯರರ ಕಾಲಡಿಗೆ ಹೋಯಿತು. ಅದನ್ನು ಯಾರೂ ವಿಚಾರಿಸಲಿಲ್ಲ.)

ಮನೆಗೆ ಬಂದವನೇ ಹೆಂಡತಿ ಹಿಲರಿಗೆ ಘೋಷಿಸಿದ: "ಹಿಲರಿ, ಇವತ್ತು ನನಗೆ ಸರಿಸಾಟಿ ಒಬ್ಬ ಸಿಕ್ಕಿದ. ಮಹಾ ಸಂಗ್ರಾಹಕ. ಒಂದು ಮಾತೂ ಆಡಲಿಲ್ಲ, ನೋಡು! ಗುಟ್ಟು ಬಿಟ್ಟುಕೊಡದ ಆಸಾಮಿ."

ಬಟ್ಟಲಿಗೆ ಬಟ್ಟಲು ಕೊಡಬೇಕಲ್ಲ. ಮರ್ವಿನ್ ಒಂದು ಕಳಿಸಿದ. ಫಿರ್ಮಿನ್ ಇನ್ನೊಂದು ಕಳಿಸಿದ, ಜೊತೆಗೊಂದು ಚೀಟಿ: 'ತಗೊಳ್ಳಿ. ಫಿ.' ಆ ಒಂದು ಪದವನ್ನು ಮರ್ವಿನ್ ಅಲಂಕಾರಶಾಸ್ತ್ರದಂತೆ ಅಭ್ಯಾಸ ಮಾಡಿದ. ಇದರಲ್ಲಿ ಪಂಥಾಹ್ವಾನವಿದೆ ಎಂದ. ಅಂದಿನಿಂದ ಇಂಗ್ಲೆಂಡು-ಫ್ರಾನ್ಸುಗಳ ನಡುವಿನ ಕಡಲಗಾಲುವೆಯ ಮೇಲೆ ಬಟ್ಟಲುಗಳು ಓಡಾಡತೊಡಗಿದವು. ಪಂದ್ಯ ಎಂದ ಮೇಲೆ ಗೆಲ್ಲಬೇಕು. ಆದ್ದರಿಂದ ಮರ್ವಿನ್ ಒಳ್ಳೆಯವನ್ನೆಲ್ಲ ತಾನಿಟ್ಟುಕೊಂಡು, ಬಿರಿದದ್ದು, ಬಾಯಿ ಒಡೆದದ್ದು, ಅಂಟು ಹಾಕಿದ್ದು ಎಲ್ಲವನ್ನೂ ಮೆರುಗು ಕೊಟ್ಟು ಫ್ರಾನ್ಸಿಗೆ ದಾಟಿಸುತ್ತಿದ್ದ.

ಅವನ ಮನೆಯ ಗಾಜಿನ ಕಪಾಟುಗಳಲ್ಲಿ ಮೊಟ್ಟೆಬಟ್ಟಲುಗಳು ಸೈನ್ಯದಂತೆ ನಿಂತಿದ್ದವು. ಮುಟ್ಟುವಂತಿಲ್ಲ. ಹಿಲರಿ ತನ್ನ ಬೆಳಗಿನ ಮೊಟ್ಟೆಯನ್ನು ಷೆರ್ರಿ ವೈನು ಕುಡಿಯುವ ಲೋಟದಲ್ಲಿ ನಿಲ್ಲಿಸಿಕೊಂಡು ತಿನ್ನುತ್ತಿದ್ದಳು.

ಆಮೇಲೆ ಬ್ರಿಟನ್ನು ಯುರೋಪಿನ ಕೂಡುಕುಟುಂಬದಿಂದ ಹೊರಬಂದು ಬೇರೆ ಒಲೆ ಹೂಡಿತು. ಬೇರೆಯಾದ ಮೇಲೆ ಅಣ್ಣನ ಮನೆಯಿಂದ ತಮ್ಮನ ಮನೆಗೆ ಸಾರು ಹೋಗಬೇಕಾದರೂ ಲೆಕ್ಕ ಕೇಳುವವರು ಹುಟ್ಟಿಕೊಳ್ಳುತ್ತಾರೆ. ಪೊಟ್ಟಣದ ಮೇಲೆ ಬೆಲೆ ಬರೆಯಬೇಕು, ಬೆಲೆಗೆ ತಕ್ಕ ತೆರಿಗೆಯನ್ನು ಪಡೆದವನು ಕಟ್ಟಬೇಕು. ಮರ್ವಿನ್ನನ ಬಳಗದ ಎಷ್ಟೋ ಸಂಗ್ರಾಹಕರು, ಗುಂಡಿಯವರು, ಬೆಂಕಿಪೊಟ್ಟಣದವರು, ಜರ್ಮನ್ ಆಟಿಕೆ ರೈಲಿನವರು, ಆಚೆಯವರೊಂದಿಗೆ ಕೊಡುಕೊಳ್ಳುವುದನ್ನೇ ಬಿಟ್ಟರು. ಕಡಲಗಾಲುವೆ ಇದ್ದಷ್ಟೇ ಅಗಲವಿತ್ತು. ದಾಟುವುದು ಮಾತ್ರ ದುಬಾರಿಯಾಯಿತು. ಬಟ್ಟಲುಗಳೂ ನಿಂತವು.

ಮರ್ವಿನ್ ಮಂಕಾದ. ಬೆಳಿಗ್ಗೆ ಪೋಸ್ಟ್‌ಮನ್ ಹೋದ ಮೇಲೂ ಬಾಗಿಲ ಬಳಿ ನಿಂತಿರುತ್ತಿದ್ದ.

"ನಿನಗೆ ಬೇಕಿರೋದು ಬಟ್ಟಲೋ, ಆ ಮನುಷ್ಯನೋ?" ಎಂದು ಹಿಲರಿ ಒಮ್ಮೆ ಕೇಳಿದ್ದಳು.

"ಬಟ್ಟಲು," ಎಂದ ಮರ್ವಿನ್, ತುಸು ಜೋರಾಗಿಯೇ.

ಹೀಗಿರುವಾಗ, ಯಾವ ಮುನ್ಸೂಚನೆಯೂ ಇಲ್ಲದೆ ಫಿರ್ಮಿನ್‌ನಿಂದ ಪೊಟ್ಟಣವೊಂದು ಬಂತು. ಒಳಗಿದ್ದದ್ದು ಹುಂಜದ ಆಕಾರದ ಹಳೆಯ ಪಿಂಗಾಣಿ ಬಟ್ಟಲು. ಅದರ ಜೋಡಿಯಾದ ಹೇಟೆ ಮರ್ವಿನ್ನನ ಕಪಾಟಿನಲ್ಲಿ ಒಂಟಿಯಾಗಿ ಕೂತು ಯುಗವಾಗಿತ್ತು. ಮರ್ವಿನ್ ಹುಂಜವನ್ನು ಕೆನ್ನೆಗೊತ್ತಿಕೊಂಡ. ಆಮೇಲೆ ಪೊಟ್ಟಣದ ಮೇಲಿದ್ದದ್ದನ್ನು ಓದಿದ: 'ಅಡಿಗೆಮನೆ ಸಾಮಾನು. ಉಡುಗೊರೆ. ಎರಡು ಯೂರೋ.'

"ಎರಡು ಯೂರೋ!" ಎಂದು ಹಾರಿಬಿದ್ದ. "ಎಂಥ ಚಾಣಾಕ್ಷ ನೋಡು ಹಿಲರಿ! ನನಗೆ ತೆರಿಗೆ ಬೀಳಬಾರದು ಅಂತ ಕಡಿಮೆ ಬರೆದಿದಾನೆ. ಇಲ್ಲ, ನನ್ನನ್ನ ಕೆಣಕೋಕೆ ಬರೆದಿದಾನೆ."

"ನಿಜ ಬರೆದಿರಬಹುದು," ಎಂದಳು ಹಿಲರಿ. "ಹಾಗೂ ಬರೀತಾರೆ ಜನ."

ಈ ಹುಂಜಕ್ಕೆ ಉತ್ತರವಾಗಿಯೇ ಆ ಮಂಗಳವಾರ ಉಗುರುಬಣ್ಣದ ಬಟ್ಟಲು ನೂರಿಪ್ಪತ್ತು ಪೌಂಡಿನ ಬಿರುದು ಹೊತ್ತು ಹೊರಟಿದ್ದು.

ಊಟದ ಹೊತ್ತಿಗೆ ಸುದ್ದಿ ಮನೆ ಮುಟ್ಟಿತ್ತು.

"ನನ್ನ ಉಗುರುಬಣ್ಣ!" ಎಂದಳು ಹಿಲರಿ. "ನಿನಗಿಂತ ಮುಂಚೆ ರೋಸಮಂಡ್ ಫೋನ್ ಬಂತು. ಅದಿರ್ಲಿ, ನೂರಿಪ್ಪತ್ತು ಅಂತ ಯಾಕೆ ಬರೆಸಿದೆ?"

"ಅಷ್ಟು ಜನದ ಮುಂದೆ ಮತ್ತೇನ್ ಹೇಳ್ಲಿ?"

"ಅದಕ್ಕೆ ತೆರಿಗೆ ಕಟ್ಟೋನು ಅವನು, ಮರ್ವಿನ್! ನಿನ್ನ ಒಡಕು ಬಟ್ಟಲು ತಗೊಳೋಕೆ ಅವನು ದುಡ್ಡು ಕೊಡಬೇಕು. ಅವನು ನಿನಗೆ ಒಂದು ಕಾಸು ಖರ್ಚಿಲ್ಲದ ಹಾಗೆ ಹುಂಜ ಕಳಿಸಿದ."

ಮರ್ವಿನ್ ಬಟಾಣಿ ಕಾಳುಗಳನ್ನು ತಟ್ಟೆಯ ಒಂದು ಮಗ್ಗುಲಿಂದ ಇನ್ನೊಂದಕ್ಕೆ ದಬ್ಬುತ್ತ ಕೂತ.

ಕೆಲವು ವಾರಗಳ ಮೇಲೆ ಪೊಟ್ಟಣ ಹಿಂದಿರುಗಿತು. ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಒಂದು ಫ್ರೆಂಚ್ ಪದ. ಶಾಲೆಯಲ್ಲಿ ಫ್ರೆಂಚ್ ಕಲಿತಿದ್ದ ಹಿಲರಿ ಅದನ್ನು ಮೆತ್ತಗೆ ಓದಿ ಹೇಳಿದಳು: "ಬೇಡ ಅಂದಿದಾರೆ."

ಪೊಟ್ಟಣ ತಂದಿದ್ದ ಅಂಚೆಯ ಹುಡುಗಿ ಬಾಗಿಲಲ್ಲೇ ಕೈಯೊಡ್ಡಿದಳು. "ಸಾರಿ ಸರ್, ಇದು ಹೊರದೇಶದಿಂದ ಬರ್ತಿರೋ ನೂರಿಪ್ಪತ್ತು ಪೌಂಡಿನ ಮಾಲು. ತೆರಿಗೆ ಕಟ್ಟಬೇಕು, ಮೇಲೆ ನಮ್ಮ ಚಾರ್ಜು."

"ಇದು ನಂದೇ ಕಣಮ್ಮ! ಇಲ್ಲಿಂದ್ಲೇ ಹೋಗಿದ್ದು!"

"ಅದನ್ನ ಅರ್ಜಿ ಹಾಕಿ ಸಾಬೀತು ಮಾಡಬಹುದು ಸರ್. ಇಲ್ಲ, ಬೆಲೆ ತಪ್ಪು ಬರೆದಿದ್ದೆ ಅಂತಲೂ ಬರ್ಕೊಡಬಹುದು."

ಬೆಲೆ ತಪ್ಪು ಎಂದು ಬರೆದುಕೊಡುವುದು ಮರ್ವಿನ್ನನಿಂದಾಗದ ಕೆಲಸ. ಜೇಬಿಗೆ ಕೈಹಾಕಿದ. ಸ್ವಂತ ಕೈಯಿಂದ ಅಂಟು ಹಾಕಿದ ಒಡಕು ಬಟ್ಟಲನ್ನು ವಿದೇಶೀ ಅಮೂಲ್ಯ ವಸ್ತುವಾಗಿ ಆಮದು ಮಾಡಿಕೊಂಡವನು ಆ ಬೀದಿಯಲ್ಲಿ ಅವನೊಬ್ಬನೇ.

ಆದರೆ ಅವನನ್ನು ಕೊರೆದದ್ದು ಆ ದುಡ್ಡಲ್ಲ, ಕೆಂಪು ಶಾಯಿ. ಹುಂಜ ಮತ್ತು ಹೇಟೆ ಕಪಾಟಿನಲ್ಲಿ ಅಕ್ಕಪಕ್ಕ ಕೂತಿದ್ದವು; ಅವನು ಅತ್ತ ನೋಡುವುದನ್ನೇ ಬಿಟ್ಟ. ಒಂದು ಬೆಳಿಗ್ಗೆ ಆರಿಹೋದ ಚಹಾವನ್ನು ಪಕ್ಕಕ್ಕೆ ಸರಿಸಿ ಹೇಳಿದ:

"ಅವನಿಗೆ ಗೊತ್ತಾಗಿದೆ ಹಿಲರಿ. ಇಷ್ಟು ವರ್ಷ ಒಡಕು ಕಳಿಸ್ತಿದ್ದೆ ಅಂತ. ತಡೆದೂ ತಡೆದೂ ಈಗ ಮುಖಕ್ಕೆ ಬಾಗಿಲು ಹಾಕಿದ."

ಹಿಲರಿಗೆ ಚುಚ್ಚುವ ಮಾತೊಂದು ಬಾಯಿಗೆ ಬಂದಿತ್ತು. ಅವನ ಮುಖ ನೋಡಿ ನುಂಗಿಕೊಂಡಳು. "ಹೋಗೋಣ," ಎಂದಳು. "ಎದುರಿಗೆ ಕೂತು ಹೇಳು. ನಾನು ಸ್ಯಾಂಡ್‌ವಿಚ್ ಮಾಡ್ತೀನಿ."

ಡೋವರಿನಿಂದ ಹಡಗು ಹತ್ತಿದರು. ಆಚೆ ದಡದ ಫ್ರೆಂಚ್ ಬಂದರು ಕ್ಯಾಲೇಯ ಸುಂಕದ ಕಟ್ಟೆಯಲ್ಲಿ ಸಮವಸ್ತ್ರದ ತರುಣನೊಬ್ಬ ಹಿಲರಿಯ ಬುಟ್ಟಿ ತೆರೆದ. ಮೊಟ್ಟೆಯ ಸ್ಯಾಂಡ್‌ವಿಚ್! ಪ್ರಾಣಿಜನ್ಯ ಆಹಾರ ಈಗ ಯುರೋಪಿನೊಳಗೆ ನಿಷಿದ್ಧ ಎಂದು ವಿಷಾದಪೂರ್ವಕ ತಿಳಿಸಿ ಎಲ್ಲವನ್ನೂ ಕಸದ ಡಬ್ಬಿಗೆ ಇಳಿಬಿಟ್ಟ. ಆಮೇಲೆ ಮರ್ವಿನ್ನನ ಪೊಟ್ಟಣ ಬಿಚ್ಚಿ ಬಟ್ಟಲನ್ನು ಬೆಳಕಿಗೆ ಹಿಡಿದ.

"ಇದರ ಬೆಲೆ?"

"ಏನಿಲ್ಲ," ಎಂದ ಮರ್ವಿನ್. ಈ ಸಲ ಕಿವಿ ಕೆಂಪಾಗಲಿಲ್ಲ. "ಒಡಕು. ನಾನೇ ಅಂಟು ಹಾಕಿದ್ದು."

ತರುಣ ಬಟ್ಟಲನ್ನು ಹಿಂದಿರುಗಿಸಿ, ಮುಂದೆ ಹೋಗಿ ಎಂದು ಕೈಬೀಸಿದ. ನಿಜಕ್ಕೆ ತೆರಿಗೆಯೇ ಇರಲಿಲ್ಲ.

ಹೊರಗೆ ಫಿರ್ಮಿನ್ ವ್ಯಾನು ತಂದಿದ್ದ. (ಹಿಲರಿ ತನ್ನ ಶಾಲೆಯ ಫ್ರೆಂಚಿನಲ್ಲಿ ಮೊದಲೇ ಕಾರ್ಡು ಹಾಕಿದ್ದಳು.) ಮುದುಕನಾಗಿದ್ದ, ಮೊಣಕಾಲು ಹಿಡಿದುಕೊಂಡು ಇಳಿದ. ಮರ್ವಿನ್ನನನ್ನು ಕಂಡು ಎರಡೂ ಕೆನ್ನೆಗೆ ಮುತ್ತಿಟ್ಟ. ಕ್ಷಮೆಯ ಭಾಷಣ ಬಾಯಿಪಾಠ ಮಾಡಿಕೊಂಡು ಬಂದಿದ್ದ ಮರ್ವಿನ್ ಅದರ ಮೊದಲ ಸಾಲನ್ನೇ ಮರೆತ. ವ್ಯಾನಿನ ಸೀಟಿನ ಮೇಲೆ ಒಂದೆರಡು ಪುಕ್ಕಗಳಿದ್ದವು. ಮರ್ವಿನ್ ಹಿಲರಿಯ ಕಿವಿಯಲ್ಲಿ ಪಿಸುಗುಟ್ಟಿದ: "ನೋಡು, ಬಟ್ಟಲುಗಳನ್ನ ಪುಕ್ಕದಲ್ಲಿ ಸುತ್ತಿಡ್ತಾನೆ. ನಮಗೆ ಹೊಳೆದೇ ಇರಲಿಲ್ಲ."

ಬೆರ್ನವಾಲ್‌ನ ಆ ಮನೆಯಲ್ಲಿ ಫಿರ್ಮಿನ್‌ನ ಹೆಂಡತಿ ಒದಿಲ್ ಬಾಗಿಲಲ್ಲೇ ಫ್ರೆಂಚಿನಲ್ಲಿ ಮಾತು ಶುರುಮಾಡಿದಳು. ಹಿಲರಿ ತಿಳಿದಷ್ಟು ತಿಳಿಸಿದಳು. "ಪೊಟ್ಟಣ ಬೇಡ ಅಂದಿದ್ದು ಇವರಂತೆ. ಫಿರ್ಮಿನ್ ಆಸ್ಪತ್ರೆಗೆ ಮೊಣಕಾಲು ತೋರಿಸೋಕೆ ಹೋಗಿದ್ರಂತೆ. ಪೋಸ್ಟ್‌ಮನ್ ದುಡ್ಡು ಕೇಳಿದಾಗ ಯಾರೋ ಮೋಸಗಾರ ಅಂದ್ಕೊಂಡ್ರಂತೆ. ತಲೆ ನೆಟ್ಟಗಿರೋ ಯಾವನು ಮೊಟ್ಟೆಬಟ್ಟಲಿಗೆ ಅಷ್ಟು ಬೆಲೆ ಬರೀತಾನೆ, ಅಂತ ಕೇಳ್ತಿದಾರೆ."

ಮರ್ವಿನ್ ಆಗಲೇ ಒಳಗಿನ ಅಡಿಗೆಮನೆಯ ಮೇಜು ನೋಡುತ್ತಿದ್ದ. ಅವನು ಕಳಿಸಿದ ಬಟ್ಟಲುಗಳೆಲ್ಲ ಅಲ್ಲಿದ್ದವು. ಬಾಯಿ ಒಡೆದದ್ದರಲ್ಲಿ ಒಂದು ಮೊಟ್ಟೆ, ಬಿರಿದದ್ದರಲ್ಲಿ ಒಂದು, ಎಂದೋ ಅಂಟಿಸಿದ ಕಿವಿಯದರಲ್ಲಿ ಉಪ್ಪು. ತೊಳೆದೂ ತೊಳೆದೂ ಅವನು ಬಳಿದ ಬಣ್ಣವೆಲ್ಲ ಹೋಗಿ, ಪ್ರತಿಯೊಂದು ಬಿರುಕೂ ಎದ್ದು ಕಾಣುತ್ತಿತ್ತು.

"ಫಿರ್ಮಿನ್," ಎಂದ ಮರ್ವಿನ್, ತಂದ ಬಟ್ಟಲನ್ನು ಮುಂದಿಡುತ್ತ. "ಇದೂ ಒಡಕು. ಎಲ್ಲಾ ಒಡಕೇ. ನಿಮಗೆ ಗೊತ್ತಿತ್ತಾ?"

"ಮೊದಲ ದಿನದಿಂದ," ಎಂದ ಫಿರ್ಮಿನ್, ಹಡಗಿನ ಇಂಗ್ಲಿಷಿನಲ್ಲಿ. ಬಟ್ಟಲನ್ನು ನಲ್ಲಿಯ ಬಿಸಿನೀರಲ್ಲಿ ತೊಳೆದು, ಮೊಟ್ಟೆ ನಿಲ್ಲಿಸಿ ಮರ್ವಿನ್ನನ ಮುಂದೆಯೇ ಇಟ್ಟ. "ನೀವು ಸೂಕ್ಷ್ಮ ಮನುಷ್ಯರು, ಮೆಸ್ಯೂ ಮರ್ವಿನ್. ಒಳ್ಳೇದು ಕಳಿಸಿದ್ರೆ ಮನೇಲಿ ಮುಟ್ಟೋಕೆ ಹೆದರ್ತಿದ್ವಿ. ಒಡಕಾದ್ರಿಂದ ದಿನಾ ಉಪಯೋಗ. ಒದಿಲ್ ಯಾವಾಗ್ಲೂ ಹೇಳ್ತಾಳೆ, ಆ ಇಂಗ್ಲಿಷ್‌ನವರಿಗೆ ಸಂಸಾರ ಗೊತ್ತು ಅಂತ."

ಮೇಜಿಗೆ ಕೂತಿದ್ದ ಹಿಲರಿ ತನ್ನ ಮೊಟ್ಟೆಯ ತಲೆಯನ್ನು ಚಮಚದಿಂದ ತಟ್ಟಿದಳು. ಮುಂದೆ ಷೆರ್ರಿ ಲೋಟದ ಬದಲು ಬಟ್ಟಲಿಟ್ಟುಕೊಂಡು ಅವಳು ತಿನ್ನುತ್ತಿದ್ದ ಮೊದಲ ಮೊಟ್ಟೆ ಅದು.

"ಹಾಗಾದ್ರೆ ಹುಂಜ?" ಎಂದ ಮರ್ವಿನ್. "ಎರಡು ಯೂರೋ?"

"ಸಂತೇಲಿ ಎರಡು ಯೂರೋ ಕೊಟ್ಟೆ. ಎರಡು ಅಂತ ಬರೆದೆ. ಬಹಳ ದಿನ ಆಗಿತ್ತು, ನಿಮ್ಮ ಸುದ್ದಿ ಇರಲಿಲ್ಲ. ಏನಾದ್ರೂ ಕಳಿಸಿದ್ರೆ ನೀವೂ ಕಳಿಸ್ತೀರಿ ಅಂತ ಗೊತ್ತಿತ್ತು."

ಮರ್ವಿನ್ ಮೊಟ್ಟೆ ನಿಂತಿದ್ದ ಬಟ್ಟಲನ್ನು ತನ್ನತ್ತ ಎಳೆದುಕೊಂಡ. ಹೆಂಡತಿಯ ಉಗುರುಬಣ್ಣ ಬಿಸಿನೀರಿಗೆ ಎದ್ದು ಬರುತ್ತಿತ್ತು. ಆದರೂ ಸಂಗ್ರಾಹಕನ ರಕ್ತ ಅಷ್ಟು ಸುಲಭಕ್ಕೆ ಆರುವುದಿಲ್ಲ. ಇವು ದಿನಬಳಕೆಯವು, ಸರಿ. ನೀಲಿ ಬಟ್ಟಲು ಕೊಟ್ಟವನ, ಹುಂಜವನ್ನು ಬಿಟ್ಟುಕೊಟ್ಟವನ ಅಸಲು ಕಪಾಟು ಬೇರೆಲ್ಲೋ ಬೀಗ ಹಾಕಿಕೊಂಡು ನಿಂತಿರಲೇಬೇಕು. ಮಹಡಿಯ ಕಡೆ ಕಣ್ಣು ಹಾಯಿಸಿ, ಮರ್ಯಾದೆಗೆ ಕುಂದು ಬಾರದಂತೆ ದನಿ ತಗ್ಗಿಸಿ ಕೇಳಿದ:

"ಫಿರ್ಮಿನ್, ನಿಮ್ಮ ಸಂಗ್ರಹ ಎಲ್ಲಿಟ್ಟಿದೀರಿ? ಒಂದ್ಸಲ ನೋಡಬಹುದಾ?"

ಫಿರ್ಮಿನ್ ಮೀಸೆಗೆ ಅಂಟಿದ ಹಳದಿ ಒರೆಸಿಕೊಂಡು, ಕಿಟಕಿಯಾಚೆ ಒಮ್ಮೆ ನೋಡಿ ಹೇಳಿದ:

"ಹಿತ್ತಲಲ್ಲಿದೆ. ಬನ್ನಿ, ಕಾಳು ಹಾಕೋ ಹೊತ್ತಾಯ್ತು."