ಮೊಣಕಾಲ ತೋರಿಸೋ ಕನ್ನಡಿ

ನಮ್ಮ ಮನಿಯವ್ರ ಗಾಡಿ ಮ್ಯಾಲೆ ಹಿಂದ ಕುಂತು ಸುಮ್ನ ಹೋಗಿ ಸುಮ್ನ ಬಂದಿದ್ದು ನನಗಂತೂ ನೆನಪಿಲ್ಲ. ಏನರ ಒಂದು ಆಗಬೇಕು, ಅದನ್ನ ಕೇಳಿ ನಾಕು ಮಂದಿ ನಗಬೇಕು. ಬೇವೂರಾಗ ಮನಿ ಮನಿಗೆ ನೀರು ಬಿಡೋ ಕೆಲಸ ಅವ್ರದು. ನಾನು ಅಂಗನವಾಡಿ ಸಹಾಯಕಿ. ಊರಿಗೆಲ್ಲಾ ಸರಿಯಾಗಿ ನೀರು ಬಿಡೋ ಮನಶ್ಯಾಗ ಗಾಡಿಗೆ ಒಂದು ಕನ್ನಡಿ ಸರಿಯಾಗಿ ಹಚ್ಚಾಕ ಬರಲಿಲ್ಲಲ್ಲ ಅನ್ನೋದ ನನ್ನ ಸಂಕಟ. ಅದೇ ಕನ್ನಡಿ ದೆಸಿಂದ ನನ್ನ ತಂಗಿ ಬಯಕಿ ಬುತ್ತಿ ಹಾದ್ಯಾಗ ಮಣ್ಣಪಾಲಾಗೂದಿತ್ತು. ಮೊದಲಿಂದ ಹೇಳ್ತೀನಿ ಕೇಳ್ರಿ.

ಪೊಲೀಸಪ್ಪ ಬಗ್ಗಿ ನೋಡಿದ್ದು

ನಮ್ಮ ಮನಿಯವ್ರು ಒಂದಿನ ಕುಷ್ಟಗ್ಯಾಗ ಹುಡುಗೂರು ಗಾಡಿ ಕನ್ನಡಿ ತಿರುವಿ ಹ್ಯಾಂಡಲ್ ಕೆಳಗ ಹಾಕ್ಸಿದ್ದು ನೋಡಿ ಬಂದ್ರು. ಮರುದಿನ ನಮ್ಮ ಗಾಡಿದೂ ಕೆಳಗ! "ಮ್ಯಾಲಿದ್ರ ಎತ್ತಿನ ಕೋಡು ಇದ್ದಂಗ ಕಾಣತಾವ. ಈಗ ನೋಡು, ಹೆಂಗೈತಿ ಖದರು" ಅಂದ್ರು. ಅರ್ಧ ತಲಿ ನರತ ಮನಶ್ಯಾಗ ಎಂಥಾ ಖದರು! ಕುಂತು ನೋಡಿದ್ರ ಕನ್ನಡ್ಯಾಗ ಕಾಣೋದು ತಮ್ಮ ಮೊಣಕಾಲು, ಅದರ ಹಿಂದ ಚೂರು ನನ್ನ ಸೀರಿ ಅಂಚು.

"ಹಿಂದ ಏನ್ ಕಾಣತೈತ್ರಿ?" ಅಂತ ಕೇಳಿದೆ.

"ನೀ ಕಾಣ್ತಿ. ಮತ್ತೇನ್ ಬೇಕು?" ಅಂದ್ರು. ಇಂಥಾ ಮಾತಿಗೇನು ಕಡಿಮಿ ಇಲ್ಲ.

ಅದ ವಾರ ಯಲಬುರ್ಗಾದಾಗ ಪೊಲೀಸಪ್ಪ ಕೈ ಅಡ್ಡ ಹಿಡದ. "ಏ, ಕನ್ನಡಿ ಎಲ್ಲಿ?"

"ಇಲ್ಲೇ ಕೆಳಗ ಅದಾವಲ್ರಿ ಸಾಹೇಬ್ರ."

ಪಾಪ, ಹೊಟ್ಟಿ ಇದ್ದಾವ, ಹಿಂದ ನಿಂತು ತ್ರಾಸು ಪಟ್ಟು ಬಗ್ಗಿ ನೋಡಿದ. "ಇದರಾಗ ಏನ್ ಕಾಣತೈತಿ ನಿನಗ?"

"ನಿಮ್ಮ ಬೂಟು ಕಾಣಾಕತ್ಯಾವ್ರಿ. ಒಂದರ ಲೇಸ್ ಬಿಚ್ಚೈತ್ರಿ."

ಖರೇನ ಬಿಚ್ಚಿತ್ತು! ಪೊಲೀಸಪ್ಪ ಬಗ್ಗಿದಾವ ಲೇಸ್ ಕಟಗೊಂಡ ಎದ್ದ. ನಗಬೇಕೋ ಬೈಬೇಕೋ ಅವಗೂ ತಿಳಿವಲ್ದು. "ಹೋಗೋ ಮಾರಾಯ, ಮೊದಲು ಇವನ್ನ ಮ್ಯಾಲೆ ಹಾಕಿಸ್ಕೋ. ಹಿಂದ ಬರೋ ಲಾರಿಗೆ ಲೇಸ್ ಇರಂಗಿಲ್ಲ" ಅಂದ.

ಲಾರಿ ಅಲ್ಲ, ಹೋಳಗಿ

ಮ್ಯಾಲೆ ಹಾಕಿಸ್ಲಿಲ್ಲ. ಅದರ ಬದ್ಲಿ ನನ್ನನ್ನ ಕನ್ನಡಿ ಮಾಡಿದ್ರು. ಹಿಂದಿಂದ ಗಾಡಿ ಬಂದ್ರ ಅವ್ರ ಬಲ ಹೆಗಲ ಮ್ಯಾಲೆ ನಾ ಒಂದು ತಟ್ಟಬೇಕು, ಅವ್ರು ಎಡಕ್ಕ ಸರದು "ಹೋಗು ಹೋಗು ಮುಂದ" ಅಂತ ಕೈ ಬೀಸಬೇಕು. ಅಂಗನವಾಡ್ಯಾಗ ಚಿಣ್ಣರನ್ನ ತಟ್ಟಿ ಮಲಗಸಾಕಿ ನಾನು, ಹಾದ್ಯಾಗ ಗಂಡನ್ನ ತಟ್ಟಿ ಎಚ್ಚರ ಇಡೋದು ಬಂತು.

ಒಂದಿನ ಹಿಟ್ನಾಳಕ್ಕ ಮದುವಿಗೆ ಹೋಗಿ ಹೊಳ್ಳಿ ಬರಾಕತ್ತಿದ್ವಿ. ಹೈವೇ ಮ್ಯಾಲೆ ಆರಾಮ ಹೊಂಟಾವ್ರು ಒಮ್ಮೆಲೇ, "ಏನ್ ಹೋಳಗಿ ಮಾಡ್ಯಾರ ಮಾರಾಯ್ತಿ! ನಮ್ಮ ಮನ್ಯಾಗ ಇಂಥಾವು ಎಂದೂ ತಿಂದಿಲ್ಲ" ಅಂದ್ರು. ಹಿಂದಿನ ದಿನಾನ ನಾ ಹೋಳಗಿ ಮಾಡಿ ಹಾಕಿದ್ದೆ! ನೆತ್ತಿಗೇರಿತು ನೋಡ್ರಿ ಸಿಟ್ಟು. ಬಲ ಹೆಗಲಿಗೆ ದಬದಬ ಬಾರಿಸಿದೆ.

ಇವ್ರು ಗಾಬರ್ಯಾಗಿ ರೋಡು ಬಿಟ್ಟು ಸೂರ್ಯಕಾಂತಿ ಹೊಲದಾಗ ಗಾಡಿ ಇಳಿಸಿ, "ಎಷ್ಟು ಲಾರಿ ಅದಾವ? ಸಾಲು ಹಿಡದು ಬಂದಾವೇನ?" ಅಂದ್ರು.

"ಒಂದೂ ಇಲ್ಲ. ಅವು ಹೋಳಗಿ ಲೆಕ್ಕದ ಪೆಟ್ಟು" ಅಂದೆ.

ಬುತ್ತಿ ಮುಂದ, ನಾ ಹಿಂದ

ಇನ್ನ ತಂಗಿ ವಿಷಯ. ನಮ್ಮವ್ವ ಇಲ್ಲ, ಬಸುರಿ ತಂಗಿಗೆ ಬಯಕಿ ಬುತ್ತಿ ಒಯ್ಯೋ ಪಾಳೆ ನಂದ. ಆಕೀನ ಕೊಟ್ಟಿದ್ದು ನವಲಿಗೆ. ಅಲ್ಲಿ ಕಾಲುವಿ ನೀರು, ಭತ್ತದ ಗದ್ದಿ, ಮೂರೂ ಹೊತ್ತು ಅನ್ನ. "ಅಕ್ಕಾ, ಅನ್ನ ಕಂಡ್ರ ವಾಕರಿಕಿ ಬರತೈತಿ. ನಿನ್ನ ಕೈಯಾನ ಸಜ್ಜಿ ರೊಟ್ಟಿ ಬೇಕು" ಅಂತ ಫೋನಿನ್ಯಾಗ ಅತ್ತಿದ್ಲು. ರೊಟ್ಟಿ ಬಡದೆ, ಎಣ್ಣಿಗಾಯಿ, ಶೇಂಗಾ ಚಟ್ನಿ, ಕರಿಗಡಬು ಮಾಡಿ ಬುಟ್ಟಿ ತುಂಬಿದೆ. ತಂಗಿಗೆ ಉಡಸಬೇಕಂತ ತಂದ ಹಸರು ಇಳಕಲ್ ಸೀರಿನ ಬುಟ್ಟಿಗೆ ಸುತ್ತಿ ಸೀಟಿನ ತುದಿಗೆ ಕಟ್ಟಿದ್ವಿ. ನಾನೂ ಹಸರು ಸೀರಿನ ಉಟ್ಟಿದ್ದೆ.

"ಇವತ್ತರ ಕನ್ನಡಿ ಮ್ಯಾಲೆ ಹಾಕ್ರಿ, ಬುಟ್ಟಿ ಮ್ಯಾಲೆ ಕಣ್ಣಿರತೈತಿ" ಅಂದ್ರ ಕೇಳಲಿಲ್ಲ. ನಾ ಮಾತು ಬಿಟ್ಟೆ. ತಟ್ಟಾದೂ ಬಿಟ್ಟೆ.

ಕನಕಗಿರಿ ಕಡೆ ಪೆಟ್ರೋಲ್ ಬಂಕಿನ್ಯಾಗ ಮಾತಾಡದ ಇಳದು ನೀರು ಕುಡಿಯಾಕ ಹೋದೆ. ಅಷ್ಟರಾಗ ಬುಟ್ಟಿ ಸೀರಿ ಸಡಲಾಗಿ ಅಂಚು ಕೆಳಗ ಜೋತು ಬಿದ್ದೈತಿ. ಇವ್ರು ಗಾಡಿ ಹತ್ತಿ ಕನ್ನಡಿ ನೋಡ್ಯಾರ. ಮೊಣಕಾಲು ಐತಿ, ಹಸರು ಅಂಚು ಐತಿ. ಹೊಂಟಬಿಟ್ರು!

ಚೀರಿದೆ, ಕೈ ಬೀಸಿದೆ. ಅವ್ರಿಗೆ ಹಿಂದಿಂದು ಕಂಡ್ರ ತಾನ! ಒಂದು ಟಂಟಂ ಆಟೋ ಬಂತು, ಹತ್ತಿದೆ. "ಅಣ್ಣಾ, ಆ ಗಾಡಿ ಬಿಡಬ್ಯಾಡ" ಅಂದೆ. ಬೆನ್ನ ಹಿಂದನ ಹೋಗಿ ಅವ ಒಂದ ಸವನ ಹಾರ್ನ್ ಹೊಡದ, ನಾ ಒಳಗಿಂದ ಚೀರಿದೆ. ನಮ್ಮ ಮನಿಯವ್ರು ತಿರುಗಿ ನೋಡದ ಕೈ ಬೀಸಿದ್ರು: "ಹೋಗು ಹೋಗು ಮುಂದ." ಎದುರಿಗೆ ಭತ್ತದ ಟ್ರ್ಯಾಕ್ಟರು ಸಾಲಾಗಿ ಬರಾಕತ್ತಿದ್ವು, ಮುಂದ ಹೋಗಾಕ ದಾರಿ ಎಲ್ಲೈತಿ? ನನ್ನ ಕಣ್ಣೆಲ್ಲಾ ಆ ಬುಟ್ಟಿ ಮ್ಯಾಲೆ. ಅಂಚು ಚಕ್ರಕ್ಕ ಇನ್ನೇನು ಸಿಗತೈತಿ. ಗಂಡ ಹೋದ್ರ ಸಂಜಿಕೆ ಹೊಳ್ಳಿ ಬರತಾನ, ರೊಟ್ಟಿ ಮಣ್ಣಪಾಲಾದ್ರ ತಂಗಿ ಬಾಯಿಗೆ ಏನು ಹಾಕಲಿ?

ನವಲಿ ಬಂತು. ತಂಗಿ ಬಾಗಲಾಗ ನಿಂತಾಳ, ಆಕಿ ಅತ್ತಿ ಕೈಯಾಗ ನೀರಿನ ತಂಬಗಿ. ನಾ ಟಂಟಂ ಇಳದು ಬರೋದ್ರಾಗ ನಮ್ಮ ಮನಿಯವ್ರು ಗಾಡಿ ಮ್ಯಾಲೆ ಕುಂತಲ್ಲೇ, ಹೊಳ್ಳಿ ನೋಡದ, ಹಿಂದಿನ ಬುಟ್ಟಿಗೆ ಹೇಳಾಕತ್ತಿದ್ರು: "ಇಳೀ ಈಗರ. ಎಷ್ಟೊತ್ತು ಸಿಟ್ಟು? ಪೆಟ್ರೋಲ್ ಹಾಕ್ಸಿದ ಮ್ಯಾಲೆ ಗಾಡಿ ಹೆಂಗ ಹಗುರಾಗಿ ಓಡಿತು ನೋಡಿದಿ?"

ಅತ್ತಿ ಕಣ್ಣು ಕಣ್ಣು ಬಿಟ್ಟು, "ಹಾದ್ಯಾಗ ಏನರ ಆತೇನ್ರಿ?" ಅಂದ್ಲು.

"ಏನಿಲ್ರಿ. ಒಂದು ಟಂಟಂ ಬೆನ್ನ ಹತ್ತಿ ತಲಿ ತಿಂತು. ಒಳಗ ಒಬ್ಬಾಕಿ ಏನ್ ಚೀರತಿದ್ಲು ಅಂತೀರಿ! ಅಂಥಾಕಿನ ಕಟಗೊಂಡವನ ಬಾಳೇವು ಹೆಂಗಿರಬೇಕು, ಪಾಪ, ಅನ್ಕೊಂತ ಬಂದೆ."

ನಾ ಅವ್ರ ಬೆನ್ನ ಹಿಂದನ ನಿಂತಿದ್ದೆ. ಬಲ ಹೆಗಲ ಮ್ಯಾಲೆ ಒಂದು ತಟ್ಟಿದೆ.

ಅಂಗಳದಾಗ ನಿಂತ ಗಾಡಿ ಅದು. ಪುಣ್ಯಾತ್ಮರು ಹ್ಯಾಂಡಲ್ ಎಡಕ್ಕ ತಿರುವಿ, ಕೈ ಬೀಸಿ, "ಹೋಗು ಹೋಗು ಮುಂದ" ಅಂದ್ರು.

ತಂಗಿ ನಕ್ಕು ನಕ್ಕು ಹೊಟ್ಟಿ ಹಿಡಕೊಂಡು ಕಟ್ಟಿ ಮ್ಯಾಲೆ ಕುಂತಬಿಟ್ಲು. ಅತ್ತಿ ತಂಬಗಿ ಒಗದು ಓಡಿ ಬಂದು, "ಏನಾತವ್ವಾ, ಬ್ಯಾನಿ ಬಂದಾವೇನ?" ಅಂದ್ಲು.

"ಇಲ್ರೀ ಅತ್ತಿ, ಹಸಿವಿ ಬಂದೈತಿ" ಅಂದ್ಲು ತಂಗಿ ಕಣ್ಣೀರು ಒರಸ್ಕೊಂತ. "ಅಕ್ಕಾ, ಮಾವನ ಬುಟ್ಟಿ ಹೆಂಡ್ತಿ ಸೀರಿ ಬಿಚ್ಚಿ ನನ್ನ ರೊಟ್ಟಿ ಕೊಡು."