ಬೀಚ್ ಕ್ಲಬ್ಬಿಗೆ ಹೋದ ಟವೆಲ್ ವ್ಯಾಪಾರಿ

ನನಗೆ ಯಾರೂ ಮೋಸ ಮಾಡಲಾರರು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಅನುಭವದಿಂದ ಹೇಳುತ್ತಿದ್ದೇನೆ. ಸೊಲ್ಲಾಪುರದ ನವಿ ಪೇಠದಲ್ಲಿ ಚಾದರ, ಟವೆಲ್ ಮಾರುವವನು ನಾನು. ಗಿರಾಕಿ ಮೆಟ್ಟಿಲು ಹತ್ತುವ ರೀತಿ ನೋಡಿಯೇ, ಇವನು ಕೊಳ್ಳಲು ಬಂದವನೋ ಫ್ಯಾನಿನ ಕೆಳಗೆ ನಿಲ್ಲಲು ಬಂದವನೋ ಹೇಳಬಲ್ಲೆ. ಇಂಥವನಿಗೆ ಒಂದು ಬೀಚ್ ಕ್ಲಬ್ ಆರಿಸುವುದು ಯಾವ ದೊಡ್ಡ ಕೆಲಸ ಎಂದುಕೊಂಡೆ.

ಆದದ್ದು ಇಷ್ಟು. ಟವೆಲ್ ಕಂಪನಿಯೊಂದು ಹೆಚ್ಚು ಮಾಲು ಮಾರಿದ ಅಂಗಡಿಯವರಿಗೆ ಮುಂಬೈಯಿಂದ ಗೋವಾಕ್ಕೆ ಹಡಗಿನ ಪ್ರವಾಸ ಇಟ್ಟಿತ್ತು. ಗಂಡ ಹೆಂಡತಿ ಇಬ್ಬರಿಗೂ ಪುಕ್ಕಟೆ! ನನ್ನ ಮೊದಲ ಸಂಶಯ ಶುರುವಾದದ್ದೇ ಅಲ್ಲಿ. ಹಡಗು ಗೋವಾ ಬಂದರಿನಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಲ್ಲುತ್ತದೆ, ಆ ಹೊತ್ತು ನಿಮ್ಮದು, ಎಲ್ಲಿ ಬೇಕಾದರೂ ಹೋಗಿ ಬನ್ನಿ ಎಂದು ತಿಳಿಸಿದ್ದರು. ನನ್ನ ಹೆಂಡತಿ ಸುರೇಖಾ ಕೂಡಲೇ ತೀರ್ಪು ಕೊಟ್ಟಳು.

"ಏನ್ರಿ, ನನಗ ಗುಡಿ ಬ್ಯಾಡ, ಮಾರ್ಕೆಟ್ ಬ್ಯಾಡ. ಸಮುದ್ರದ ಮುಂದ ಉದ್ದನ ಕುರ್ಚಿ ಹಾಕಿರತಾರಲ್ಲ, ಅದರ ಮ್ಯಾಲ ಕಾಲು ಚಾಚಿ ಬಿದ್ಕೋಬೇಕು. ಯಾರೂ ಚಹಾ ಕೇಳಬಾರದು. ಯಾರೂ 'ನನ್ನ ಚಷ್ಮಾ ಎಲ್ಲೈತಿ' ಅಂತ ಒದರಬಾರದು. ಒಂದ ದಿವಸ!"

ಚಷ್ಮಾ ಹುಡುಕುವವನು ನಾನೇ. ಮದುವೆಯಾದಾಗಿನಿಂದ ಆಕೆ ನನ್ನನ್ನು ಏನೂ ಕೇಳಿರಲಿಲ್ಲ. ಕೇಳಿದ್ದರೂ ನನಗೆ ಕೇಳಿಸಿರಲಿಲ್ಲ. ಈ ಒಂದು ದಿನದ ಆರಾಮವನ್ನು ಆಕೆಗೆ ಕೊಡಿಸಲೇಬೇಕೆಂದು ಮನಸ್ಸಿನಲ್ಲೇ ಠರಾವು ಪಾಸು ಮಾಡಿದೆ. ಅಂಥ ಕುರ್ಚಿ ದುಡ್ಡಿಗೆ ಕೊಡುವ ಜಾಗಕ್ಕೆ ಬೀಚ್ ಕ್ಲಬ್ ಎನ್ನುತ್ತಾರಂತೆ.

ಮೊದಲ ವಿಘ್ನ ಅವ್ವನದು. ಅವ್ವ ಇರುವುದು ಅಕ್ಕಲಕೋಟ ತಾಲೂಕಿನಲ್ಲಿ, ದುಧನಿ ಹತ್ತಿರದ ನಮ್ಮ ಊರಲ್ಲಿ. "ಗೋವಾದಾಗ ಕ್ಲಬ್ಬಿಗಿ ಹೊಂಟೀವಿ" ಎಂದು ಫೋನಿನಲ್ಲಿ ಹೇಳಿದೆ. ನಮ್ಮ ಕಡೆ ಕ್ಲಬ್ ಎಂದರೆ ಒಂದೇ ಅರ್ಥ, ಬಾಗಿಲು ಮುಂದೆ ಮಾಡಿಕೊಂಡು ಇಸ್ಪೀಟು ಆಡುವ ಜಾಗ.

"ನಿಮ್ಮ ಕಾಕಾ ಕ್ಲಬ್ಬಿಗಿ ಹೋಗಿ ಹೊಲ ಕಳದ," ಎಂದಳು ಅವ್ವ. "ಆದ್ರ ಅವ ಸುದ್ದಾ ಹೆಂಡ್ತಿನ್ನ ಕರಕೊಂಡು ಹೋಗಿದ್ದಿಲ್ಲ!"

"ಅವ್ವಾ, ಇದು ಇಸ್ಪೀಟಿನ ಕ್ಲಬ್ ಅಲ್ಲ. ಇಲ್ಲಿ ಮಂದಿ ಸುಮ್ನ ಮಲಗತಾರ."

"ರೊಕ್ಕಾ ಕೊಟ್ಟು?"

"ಹೂಂ."

"ಮಲಗಾಕ ರೊಕ್ಕಾ ತಗೊಳ್ಳಾವ್ರು, ನಿದ್ದಿ ಹತ್ತಿದ ಮ್ಯಾಲ ಮತ್ತೇನೇನ್ ತಗೋತಾರೋ! ಹುಷಾರಿ."

ಅವ್ವನ ಮಾತು ತಲೆ ಹೊಕ್ಕಿತು. ಅಂದಿನಿಂದ ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ಕ್ಲಬ್ಬುಗಳ ತನಿಖೆ ಆರಂಭಿಸಿದೆ. ಒಂದರ ಫೋಟೋದಲ್ಲಿ ನರಪಿಳ್ಳೆಯೂ ಇಲ್ಲ. ಅಷ್ಟು ಚೆನ್ನಾಗಿದ್ದರೆ ಜನ ಯಾಕಿಲ್ಲ? ಇನ್ನೊಂದನ್ನು ಎಲ್ಲರೂ ಬಾಯಿತುಂಬ ಹೊಗಳಿದ್ದರು. ಖಂಡಿತ ಮಾಲಕನ ಬೀಗರು! ಮತ್ತೊಂದಕ್ಕೆ ಫೋನ್ ಮಾಡಿ, ಯಾವುದಕ್ಕೆ ಬೇರೆ ಹಣ ಎಂದು ಮರಾಠಿಯಲ್ಲಿ ಕೇಳಿದೆ. "ಯಾವುದಕ್ಕೂ ಇಲ್ಲ ಸರ್, ಎಲ್ಲಾ ಸೇರಿಯೇ ಇದೆ" ಎಂದರು. ಫೋನ್ ಇಟ್ಟುಬಿಟ್ಟೆ. ಎಲ್ಲಾ ಸೇರಿಸಿ ಮಾರುವುದು ಎಂದರೇನೆಂದು ನನಗೆ ಗೊತ್ತಿಲ್ಲವೇ? ಮಾರುವವನು ನಾನೂ ಹೌದು.

ಅಲ್ಲಿಗೇ ಹೋಗಿ ಕಣ್ಣಾರೆ ನೋಡಿ ಆರಿಸುವುದು ಎಂದು ತೀರ್ಮಾನವಾಯಿತು. ಟವೆಲಿಗೆ ಬೇರೆ ಬಾಡಿಗೆ ಹಾಕಬಹುದೆಂಬ ಸಂಶಯದಿಂದ, ನಮ್ಮದೇ ಅಂಗಡಿಯ ಬಿಳಿ ಮೈ, ನೀಲಿ ಪಟ್ಟೆಯ ಎರಡು ದೊಡ್ಡ ಟವೆಲ್ ಚೀಲಕ್ಕೆ ಹಾಕಿದೆ. ಹೊಸ ಮಾಲು ಕಂಡರೆ ಮಾರಲು ತಂದಿದ್ದಾನೆ ಎಂದು ಹಡಗಿನವರು ತಡೆದಾರು ಎಂಬ ಇನ್ನೊಂದು ಸಂಶಯದಿಂದ, ಅವುಗಳ ಲೇಬಲನ್ನೂ ಕತ್ತರಿಸಿ ಎಸೆದೆ. ಮುಂದಾಲೋಚನೆ ಎಂದರೆ ಇದು!

ಗೋವಾದಲ್ಲಿ ಇಳಿದು ಟ್ಯಾಕ್ಸಿ ಹಿಡಿದೆವು. ಮೊದಲ ಕ್ಲಬ್ಬಿನ ಬಾಗಿಲಲ್ಲೇ ಒಬ್ಬಳು ನಗುನಗುತ್ತ ನಮ್ಮ ಕೈಗೆ ಬಣ್ಣದ ಪಟ್ಟಿ ಕಟ್ಟಲು ಬಂದಳು. ನಾನು ಕೈ ಹಿಂದಕ್ಕೆ ಎಳೆದುಕೊಂಡೆ. "ಸುರೇಖಾ, ಹಿಂಗ ಗುರುತ ಮಾಡೂದು ಸಂತ್ಯಾಗ ಮಾರಿದ ಕುರಿಗಿ. ನಡಿ!" ಎಂದು ಹೊರಟೆ.

ಎರಡನೆಯ ಕಡೆ ನಾವು ಏನೂ ಹೇಳುವ ಮೊದಲೇ ತಣ್ಣನೆಯ ಎಳನೀರು ತಂದು ಕೈಗಿಟ್ಟರು. ಪುಕ್ಕಟೆ ಎಂದರು! ಸುರೇಖಾ ಬಾಯಿಗೆ ಇಡುವಷ್ಟರಲ್ಲಿ ಕಸಿದುಕೊಂಡು ಮರಳಿಸಿದೆ. ಆಕೆ ಆ ಎಳನೀರನ್ನೇ ತಿರುಗಿ ತಿರುಗಿ ನೋಡುತ್ತ ಟ್ಯಾಕ್ಸಿ ಹತ್ತಿದಳು.

"ಏನ್ರಿ, ಅರ್ಧಾ ದಿವಸ ಟ್ಯಾಕ್ಸಿದಾಗ ಹೋತು. ನನಗ ಇನ್ನಾ ಆ ಕುರ್ಚಿ ಸುದ್ದಾ ಕಂಡಿಲ್ಲ."

ಆಕೆಯ ದನಿ ಸಣ್ಣದಾಗಿತ್ತು. ಅದು ಜೋರಾಗಿದ್ದರೆ ನನಗೆ ಭಯವಿಲ್ಲ. ಮೂರನೆಯ ಕ್ಲಬ್ಬಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ ಆಕೆ ಒಳಗೆ ನಡೆದು, ಸಮುದ್ರದ ಮುಂದಿನ ಉದ್ದನೆಯ ಕುರ್ಚಿಯಲ್ಲಿ ಕೂತುಬಿಟ್ಟಳು. ನಾನು ದುಡ್ಡು ತೆತ್ತು ಹಿಂದೆ ಹೋದೆ. ನಮ್ಮ ಟವೆಲ್ ಹಾಸಿದೆ. ಆಕೆ ಕಾಲು ಚಾಚಿದಳು.

ಆಗ ಕಂಡಿತು ಫಲಕ. ಹೊರಗಿನ ಸಾಮಾನು ಒಳಗೆ ತರಬಾರದು, ತಂದರೆ ದಂಡ! ತಲೆ ಎತ್ತಿದರೆ ಕಾವಲಿನವನು ನಮ್ಮ ಕಡೆಯೇ ಬರುತ್ತಿದ್ದಾನೆ. ಇಂಥ ಹೊತ್ತಿಗೆಂದೇ ನಮ್ಮ ಬಳಿ ಒಂದು ಆಯುಧವಿದೆ: ಕನ್ನಡ. ಮರಾಠಿ ಗಿರಾಕಿ ಎದುರಿಗಿದ್ದಾಗ ಎಷ್ಟಕ್ಕೆ ಬಿಡಬೇಕು ಎಂಬ ಗುಟ್ಟನ್ನು ಗಂಡ ಹೆಂಡತಿ ಕನ್ನಡದಲ್ಲೇ ಮಾತಾಡಿಕೊಳ್ಳುತ್ತೇವೆ. ಇನ್ನು ಗೋವಾದಲ್ಲಿ ಯಾರಿಗೆ ತಿಳಿಯಬೇಕು? ಧೈರ್ಯವಾಗಿ, ದೊಡ್ಡ ದನಿಯಲ್ಲೇ ಹೇಳಿದೆ.

"ಸುರೇಖಾ, ಲಗೂನ ಏಳು! ಟಾವೆಲ್ ಚೀಲದಾಗ ತುರುಕು. ಆ ವಾಚ್‌ಮನ್ ನೋಡಾಕತ್ತಾನ, ಸಂಶೇ ಬರಬಾರದು. ಸುಮ್ನ ನಕ್ಕೋತ ಇರು!"

ಇಬ್ಬರೂ ನಗುತ್ತ ನಿಂತೆವು. ಅವನೂ ನಗುತ್ತ ಬಂದ.

"ನಮಸ್ಕಾರ್ರಿ ಕಾಕಾರ. ನಂದು ಇಂಡಿ ಕಡಿ ಊರ್ರಿ. ಚೀಲ ಸ್ವಲ್ಪ ತೋರಸ್ರಿ."

ದೂರದ ಊರಲ್ಲಿ ನಮ್ಮ ಭಾಷೆ ಕಿವಿಗೆ ಬಿದ್ದರೆ ಕಣ್ಣಲ್ಲಿ ನೀರು ಬರುತ್ತದಂತೆ. ನನಗೂ ಬಂತು.

ಚೀಲದಿಂದ ಟವೆಲ್ ಹೊರಗೆ ಬಂದಾಗ ನಾನು ಮೊದಲ ಸಲ ಪಕ್ಕದ ಕುರ್ಚಿಗಳನ್ನು ನೋಡಿದೆ. ಜನ ಮಲಗಿದ್ದ ಎಲ್ಲದರ ಮೇಲೂ ಬಿಳಿ ಮೈ, ನೀಲಿ ಪಟ್ಟೆ! ಕ್ಲಬ್ಬಿನವರು ಕೊಂಡದ್ದೂ ನಮ್ಮ ಸೊಲ್ಲಾಪುರದ ಮಾಲೇ. ನನ್ನನ್ನು ಆಫೀಸಿಗೆ ಕರೆದೊಯ್ದರು. ಹಿಂದೆಯೇ ಸುರೇಖಾಳೂ ಬಂದಳು.

ಮ್ಯಾನೇಜರ್ ಮರಾಠಿಯವನು. ಲೇಬಲ್ ಎಲ್ಲಿ ಎಂದು ಕೇಳಿದ. ನಾನೇ ಕತ್ತರಿಸಿದೆ ಎಂದೆ. ಯಾಕೆ ಎಂದ. ಯಾರಿಗೂ ಸಂಶಯ ಬರಬಾರದೆಂದು ಎಂದೆ. ಅವನು ಕಾವಲಿನವನ ಮುಖ ನೋಡಿದ. ನನಗೆ ವ್ಯಾಪಾರಿಯ ರೋಷ ಬಂತು. ಮೇಜಿನ ಮೇಲೆ ಕೈ ಬಡಿದು, "ಏನೆಂದುಕೊಂಡಿದ್ದೀರಿ? ಮೀಸೆ ಬಂದಾಗಿನಿಂದ ಟವೆಲ್ಲಿನದೇ ಧಂದೆ ನನ್ನದು! ನಮ್ಮಪ್ಪನದೂ ಅದೇ!" ಎಂದು ಗುಡುಗಿದೆ.

"ಮುರಲೇಲಾ ಆಹೇ," ಎಂದ ಮ್ಯಾನೇಜರ್ ಮೆಲ್ಲಗೆ. ಅಂದರೆ, ಪಳಗಿದ ಕೈ!

ಕ್ಲಬ್ಬಿನ ಟವೆಲ್ಲುಗಳನ್ನೆಲ್ಲ ಎಣಿಸಬೇಕು, ಕುರ್ಚಿಯ ಮೇಲಿನವು, ಒದ್ದೆಯವು, ಒಗೆಯಲು ಹೋದವು, ಎಲ್ಲಾ. ಲೆಕ್ಕ ಸಿಗುವವರೆಗೆ ನಾನು ಅಲ್ಲೇ ಕೂರಬೇಕು ಎಂದಾಯಿತು. ನಾನು ದೀನನಾಗಿ ಸುರೇಖಾಳನ್ನು ನೋಡಿದೆ. ಇಂಥ ಹೊತ್ತಿನಲ್ಲಿ ಹೆಂಡತಿ ಬಿಟ್ಟರೆ ಇನ್ನಾರು? ಆಕೆ ಕಾವಲಿನವನನ್ನು ಕೇಳಿದಳು.

"ತಮ್ಮಾ, ಇವ್ರನ್ನ ಎಷ್ಟೊತ್ತು ಕುಂದರಸ್ತೀರಿ?"

"ಹೊತ್ತಾಗತೈತ್ರಿ ಅಕ್ಕಾರ. ಚಿಂತಿ ಮಾಡಬ್ಯಾಡ್ರಿ, ಲಗೂನ ಮುಗಸ್ತೀವಿ."

"ಬ್ಯಾಡ ತಮ್ಮಾ, ಬ್ಯಾಡ!" ಎಂದಳು ಆಕೆ. "ಸಾವಕಾಶ ಎಣಸ್ರಿ. ತಪ್ಪಿದ್ರ ಮತ್ತೊಮ್ಮೆ ಎಣಸ್ರಿ. ಅವಸರ ಏನಿಲ್ಲ."

ಹಾಗೆಂದವಳೇ ಹೊರಗೆ ಹೋದಳು. ಹೋಗುವಾಗ ಎಳನೀರು ಎಲ್ಲಿ ಸಿಗುತ್ತದೆ ಎಂದು ಅವನನ್ನೇ ಕೇಳಿದ್ದು ನನ್ನ ಕಿವಿಗೆ ಬಿತ್ತು.

ಅವರು ಆಕೆಯ ಮಾತನ್ನು ನಡೆಸಿಕೊಟ್ಟರು. ಎಣಿಸಿದರು, ತಪ್ಪಿತು, ಮತ್ತೆ ಎಣಿಸಿದರು. ನಾನು ಚಹಾ ಕೇಳಿದೆ, ಯಾರೂ ಕೊಡಲಿಲ್ಲ. ಕೊನೆಗೆ ಲೆಕ್ಕ ತಾಳೆಯಾಗಿ, ಮ್ಯಾನೇಜರ್ ಎದ್ದು ಕೈಮುಗಿದು ಕ್ಷಮೆ ಕೇಳಿದ. ಇಷ್ಟು ಬೇಗ ಕ್ಷಮೆ ಕೇಳುತ್ತಾನಲ್ಲ ಎಂದು ಅದರ ಮೇಲೂ ನನಗೆ ಸಂಶಯ ಬಂತು.

ಓಡಿ ಬಂದು ನೋಡಿದರೆ ಸುರೇಖಾ ಉದ್ದನೆಯ ಕುರ್ಚಿಯಲ್ಲಿ ಮಲಗಿದ್ದಳು. ಸೀರೆಯ ಅಂಚು ಒದ್ದೆ, ಕಾಲಿಗೆ ಮರಳು, ಪಕ್ಕದಲ್ಲಿ ಖಾಲಿ ಎಳನೀರು. ಮದುವೆಯಾದ ಮೇಲೆ ಆ ಮುಖ ಅಷ್ಟು ಹಗುರಾಗಿದ್ದನ್ನು ನಾನು ನೋಡಿರಲಿಲ್ಲ. ನನಗೆ ಸಂತೋಷವಾಯಿತು, ನಿಜಕ್ಕೂ ಆಯಿತು. ಸ್ವಲ್ಪ ಹೊಟ್ಟೆಯೂ ಉರಿಯಿತು. ಕಣ್ಣು ತೆರೆದ ಆಕೆಯ ಮುಖ ನನ್ನನ್ನು ಕಂಡು ಇಳಿದುಹೋಯಿತು.

"ಅಯ್ಯ, ಇಷ್ಟ ಲಗೂ ಬಿಟ್ರೇನು?"

ಅಷ್ಟರಲ್ಲಿ ಹಡಗಿಗೆ ಮರಳುವ ಹೊತ್ತಾಗಿತ್ತು.

ಈಗ ನವಿ ಪೇಠದಲ್ಲಿ ನೆರೆಯವರೆಲ್ಲ ಆಕೆಯ ಸುತ್ತ ಕೂತು ಸಮುದ್ರದ ವರ್ಣನೆ ಕೇಳುತ್ತಾರೆ. ತೆರೆ ಹೇಗೆ ಬಂತು, ಗಾಳಿ ಹೇಗಿತ್ತು, ನಿದ್ದೆ ಹೇಗೆ ಹತ್ತಿತು, ಎಲ್ಲಾ ಹೇಳುತ್ತಾಳೆ. ನಡುವೆ ಯಾರಾದರೂ ಮರ್ಯಾದೆಗೆಂದು ನನ್ನ ಕಡೆ ತಿರುಗಿ, "ನಿಮಗ ಹ್ಯಾಂಗನಿಸ್ತ್ರಿ ಗೋವಾದ ಬೀಚು?" ಎನ್ನುತ್ತಾರೆ. ಆ ಆಫೀಸಿನ ಕಿಟಕಿ ಇದ್ದದ್ದು ಸ್ಕೂಟರ್ ಸ್ಟ್ಯಾಂಡಿನ ಕಡೆಗೆ. ಅದರ ಬಗ್ಗೆ ಏನಾದರೂ ತಿಳಿಯಬೇಕಿದ್ದರೆ ಕೇಳಿ, ವಿವರವಾಗಿ ಹೇಳುತ್ತೇನೆ.